ಸಂಘರ್ಷದ ಸಾವುಗಳ ನಕ್ಷೆ: ಯಾರ ಲೆಕ್ಕ ಹಿಡಿದು ಚುಕ್ಕೆ ಇಡೋದು?

ಮಾನಸಗಂಗೋತ್ರಿಯಲ್ಲಿ ಪ್ರಾಜೆಕ್ಟ್ ಸಲ್ಲಿಸುವ ಹೊತ್ತು ಹತ್ತಿರ ಬಂದರೆ ಸಾಕು, ನನಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಸರ್, ಛತ್ತೀಸಗಢದ ನಕ್ಸಲ್ ಹಿಂಸೆಯ ಮ್ಯಾಪ್ ಮಾಡಬೇಕು. ಆಕ್ಲೆಡ್ ತಗೊಳ್ಲಾ, ಯುಸಿಡಿಪಿ ತಗೊಳ್ಲಾ?" ಅಂತ ಒಬ್ಬರು. ಎರಡೂ ಹಿಂಸೆಯ ಘಟನೆಗಳನ್ನು ದಿನ, ಜಾಗ, ಸಾವಿನ ಸಮೇತ ಬರೆದಿಟ್ಟ ಡೇಟಾಸೆಟ್‌ಗಳು, ಅಂದರೆ ಮಾಹಿತಿಯ ದೊಡ್ಡ ಪಟ್ಟಿಗಳು. "ಎರಡು ಕಡೆ ಎರಡು ಸಂಖ್ಯೆ ಇದೆ, ಯಾವುದು ಸರಿ?" ಅಂತ ಇನ್ನೊಬ್ಬರು. ಮಂಡ್ಯದಲ್ಲಿ ವರದಿಗಾರಿಕೆ ಮಾಡುವ ಗೆಳೆಯರದ್ದು ಬೇರೆಯೇ ಅವಸರ. ಸಂಜೆ ಪುಟ ಕಟ್ಟುವುದರೊಳಗೆ ಅವರಿಗೆ ಒಂದು ನಕ್ಷೆ ಬೇಕು.

ಎಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಮೊದಲು ಮೂರು ಘಟನೆಗಳನ್ನು ಮುಂದಿಡುತ್ತೇನೆ.

ಒಂದು, 2010ರ ಏಪ್ರಿಲ್ 6. ಛತ್ತೀಸಗಢದ ತಾಡಮೆಟ್ಲಾ ಬಳಿ ಮಾವೋವಾದಿಗಳು ಹೊಂಚು ಹಾಕಿ ನಡೆಸಿದ ದಾಳಿಗೆ 76 ಭದ್ರತಾ ಸಿಬ್ಬಂದಿ ಬಲಿಯಾದರು. ಅವರಲ್ಲಿ 75 ಮಂದಿ ಸಿಆರ್‌ಪಿಎಫ್‌ನವರು. ಎರಡು, 2024ರ ನವೆಂಬರ್ 18ರ ರಾತ್ರಿ. ಉಡುಪಿ ಜಿಲ್ಲೆ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ನಿಗ್ರಹ ದಳದ ಗುಂಡಿಗೆ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತರು. ಮೂರು, ಅದೇ ವರ್ಷ ಸೆಪ್ಟೆಂಬರ್ 11, ನಮ್ಮ ನಾಗಮಂಗಲ. ಗಣೇಶ ಮೆರವಣಿಗೆ ವೇಳೆ ಗಲಾಟೆ, ಕಲ್ಲು ತೂರಾಟ, ಅಂಗಡಿಗಳಿಗೆ ಬೆಂಕಿ. ಪ್ರಾಣಹಾನಿ ಆಗಲಿಲ್ಲ.

ಈ ಮೂರರಲ್ಲಿ ಯಾವ್ಯಾವುದು ನಿಮ್ಮ ನಕ್ಷೆಯಲ್ಲಿ ಕಾಣಬೇಕು? ಇಷ್ಟು ತೀರ್ಮಾನವಾದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೊಂದು ಡೇಟಾಸೆಟ್‌ನ ಜರಡಿಯ ಕಣ್ಣು ಒಂದೊಂದು ಅಳತೆಯದು. ಒಂದರಲ್ಲಿ ನಿಂತದ್ದು ಇನ್ನೊಂದರಲ್ಲಿ ಸೋರಿಹೋಗುತ್ತದೆ.

ಯಾವುದನ್ನು ನೋಡಿ ಅಳೆಯಬೇಕು

ನಾನು ನೋಡುವುದು ಮುಖ್ಯವಾಗಿ ನಾಲ್ಕು ವಿಷಯ. ಯಾವ ಬಗೆಯ ಘಟನೆ ಸೇರುತ್ತದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ, ಜಾಗ ಎಷ್ಟು ಖಚಿತ, ಸಾವನ್ನು ಹೇಗೆ ಎಣಿಸಿದ್ದಾರೆ. ದುಡ್ಡಿನ ಪ್ರಶ್ನೆ ಕೊನೆಯದು. ಓದುವವರಿಗೆ ಇವೆಲ್ಲ ಬಹುಪಾಲು ಪುಕ್ಕಟೆಯೇ.

ಸಾವಿನ ಎಣಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಾಸ್ತಿ ಜನ ಎಡವುವುದು ಅಲ್ಲೇ. ಕೇಂದ್ರ ಗೃಹ ಸಚಿವಾಲಯದ ಪ್ರಕಾರ ಎಡಪಂಥೀಯ ಉಗ್ರವಾದಕ್ಕೆ, ಅಂದರೆ ನಕ್ಸಲ್ ಹಿಂಸೆಗೆ, 2010ರಲ್ಲಿ 1005 ಮಂದಿ ಬಲಿಯಾಗಿದ್ದರು. 2024ರಲ್ಲಿ ಆ ಸಂಖ್ಯೆ 150ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ಈ ಎರಡು ಸಂಖ್ಯೆ ಅಕ್ಕಪಕ್ಕ ಬಂದಿದ್ದನ್ನು ನೀವೂ ನೋಡಿರಬಹುದು. ಆದರೆ ಆ 1005ರಲ್ಲಿ ಇರುವುದು 720 ನಾಗರಿಕರು ಮತ್ತು 285 ಭದ್ರತಾ ಸಿಬ್ಬಂದಿ. ಸತ್ತ ಮಾವೋವಾದಿಗಳು ಅದರಲ್ಲಿ ಇಲ್ಲ. 2024ರ 150ರದ್ದೂ ಅದೇ ಕಥೆ. ಆ ವರ್ಷ 290 ನಕ್ಸಲರು ಹತರಾದರು ಅಂತ ಸರ್ಕಾರವೇ ಹೇಳಿದೆ, ಅದು ಬೇರೆ ಸಾಲಿನಲ್ಲಿದೆ.

ಅಂದರೆ "2024ರಲ್ಲಿ 150 ಸಾವು" ಅಂತ ಬರೆದರೂ ನಿಮ್ಮ ಬಳಿ ಸರ್ಕಾರಿ ದಾಖಲೆ ಇದೆ, "400ಕ್ಕೂ ಹೆಚ್ಚು ಸಾವು" ಅಂತ ಬರೆದರೂ ಇದೆ. ಎರಡೂ ಸುಳ್ಳಲ್ಲ. ಯಾರ ಸಾವನ್ನು ಎಣಿಸುತ್ತಿದ್ದೀರಿ ಅಂತ ಹೇಳದಿದ್ದರೆ ಮಾತ್ರ ಎರಡೂ ದಾರಿ ತಪ್ಪಿಸುತ್ತವೆ. ಗೈಡ್ ಮೊದಲು ಕೇಳುವುದು ಇದನ್ನೇ. ಕೇಳದಿದ್ದರೆ ಅವರು ಅಧ್ಯಾಯ ಓದಿಲ್ಲ ಅಂತಲೇ ಲೆಕ್ಕ.

ಆಕ್ಲೆಡ್: ಬೇಗ ಸಿಗುತ್ತದೆ, ಎಲ್ಲವೂ ಇರುತ್ತದೆ

ಕ್ಲಿಯೊನಾ ರಾಲೀ ಅನ್ನುವ ಸಂಶೋಧಕಿ ತಮ್ಮ ಪಿಎಚ್‌ಡಿ ಕೆಲಸದಿಂದ ಶುರು ಮಾಡಿದ ಯೋಜನೆ ಇದು. ಪೂರ್ತಿ ಹೆಸರು ಆರ್ಮ್ಡ್ ಕಾನ್‌ಫ್ಲಿಕ್ಟ್ ಲೊಕೇಶನ್ ಅಂಡ್ ಈವೆಂಟ್ ಡೇಟಾ. ಈಗ ಲಾಭದ ಉದ್ದೇಶವಿಲ್ಲದ ದೊಡ್ಡ ಸಂಸ್ಥೆ. ಆಫ್ರಿಕಾದ ಮಾಹಿತಿ 1997ರಿಂದ ಇದೆ. ಭಾರತದ್ದು ಸಿಗುವುದು 2016ರಿಂದ ಮಾತ್ರ. ವಾರವಾರ ಹೊಸ ಸಾಲುಗಳು ಸೇರುತ್ತವೆ. ಇದರ ದೊಡ್ಡ ಬಲವೇ ಅದು.

ಕಾಳಗ, ಸ್ಫೋಟ ಮತ್ತು ದೂರದಿಂದ ನಡೆಸುವ ದಾಳಿ, ನಾಗರಿಕರ ಮೇಲಿನ ಹಿಂಸೆ, ಪ್ರತಿಭಟನೆ, ದೊಂಬಿ, ಇವುಗಳ ಜೊತೆಗೆ ಬಂಧನ, ಒಪ್ಪಂದದಂಥ ಬೆಳವಣಿಗೆಗಳು. ಹೀಗೆ ಆರು ವರ್ಗ ಮಾಡಿದ್ದಾರೆ. ಸಾವು ಆಗಿರಲೇಬೇಕು ಅನ್ನುವ ಷರತ್ತು ಇಲ್ಲ. ಹಾಗಾಗಿ ಕಬ್ಬಿನಾಲೆಗೂ ಇಲ್ಲಿ ಜಾಗ ಇದೆ, ನಾಗಮಂಗಲಕ್ಕೂ ಇದೆ. 2010ರ ತಾಡಮೆಟ್ಲಾಗೆ ಮಾತ್ರ ಇಲ್ಲ, ಅದು ಭಾರತದ ಲೆಕ್ಕ ಶುರುವಾಗುವ ಮೊದಲಿನದು.

ಇಲ್ಲೊಂದು ಹುಷಾರು. ಭಾರತದ ಫೈಲ್ ಇಳಿಸಿಕೊಂಡು, ಏನನ್ನೂ ಸೋಸದೆ ನಕ್ಷೆಗೆ ಹಾಕಿ ನೋಡಿ. ಇಡೀ ದೇಶ ಕೆಂಪು ಕೆಂಪು. ಯಾಕೆಂದರೆ ಭಾರತದ ಸಾಲುಗಳಲ್ಲಿ ಪ್ರತಿಭಟನೆಯದ್ದೇ ಸಿಂಹಪಾಲು. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಟ್ಟಾಗ 23ಕ್ಕೆ ಮಂಡ್ಯ ಬಂದ್ ಆಯಿತು, 29ಕ್ಕೆ ಕರ್ನಾಟಕ ಬಂದ್. ರಸ್ತೆಯಲ್ಲಿ ಕೂತು ಘೋಷಣೆ ಕೂಗಿದ ಅಂಥ ರೈತರದ್ದೂ ಇಲ್ಲಿ ಒಂದೊಂದು ಘಟನೆ. ಅದನ್ನೆಲ್ಲ ಸೇರಿಸಿ "ಭಾರತದ ಸಂಘರ್ಷ ನಕ್ಷೆ" ಅಂತ ಹೆಸರು ಕೊಟ್ಟರೆ ಮಂಡ್ಯವೂ ಒಂದು ಯುದ್ಧಭೂಮಿಯಾಗಿ ಕಾಣುತ್ತದೆ. ತಪ್ಪು ಆಕ್ಲೆಡ್‌ನದಲ್ಲ, ವರ್ಗದ ಕಾಲಂ ಅವರೇ ಕೊಟ್ಟಿದ್ದಾರೆ. ಸಶಸ್ತ್ರ ಸಂಘರ್ಷವೇ ನಿಮ್ಮ ವಿಷಯವಾದರೆ ಮೊದಲ ಮೂರು ವರ್ಗ ಇಟ್ಟುಕೊಂಡು ಉಳಿದದ್ದನ್ನು ಬಿಡಿ.

ಸಾವಿನ ಸಂಖ್ಯೆ ಒಂದೇ ಇರುತ್ತದೆ, ವರದಿಗಳಲ್ಲಿ ಬಂದ ಕಡಿಮೆ ಸಂಖ್ಯೆಯ ಕಡೆಗೇ ವಾಲಿರುತ್ತದೆ. ಸುದ್ದಿಯಲ್ಲಿ "ಹಲವರು ಸತ್ತರು" ಅಂತಷ್ಟೇ ಇದ್ದರೆ ಅವರು 3 ಅಂತ ಬರೆದುಕೊಳ್ಳುತ್ತಾರೆ, ಯುದ್ಧ ನಡೆಯುತ್ತಿರುವ ಜಾಗವಾದರೆ 10. ಸಾವಿನ ಕಾಲಂ ನೋಡುವಾಗ 3 ಮತ್ತು 10 ವಿಪರೀತ ಕಂಡರೆ ಗಾಬರಿಯಾಗಬೇಡಿ, ಕಾರಣ ಇದೇ ಇರಬಹುದು. ಅಂಥ ಸಾಲುಗಳ ಮೇಲೆ ಸರಾಸರಿ ಹಾಕಿ ದೊಡ್ಡ ತೀರ್ಮಾನಕ್ಕೆ ಬರುವುದು ಮಾತ್ರ ಬೇಡ.

ಇಳಿಸಿಕೊಳ್ಳೋಕೆ ನೋಂದಣಿ ಆಗಬೇಕು. ಯೂನಿವರ್ಸಿಟಿಯ ಇಮೇಲ್ ಇದ್ದರೆ ಅದರಿಂದಲೇ ಮಾಡಿ. ಬರೀ ಜಿಮೇಲ್‌ನಿಂದ ಹೋದರೆ ಒಂದೊಂದು ಘಟನೆಯ ಸಾಲು ಸಿಗದೆ ಒಟ್ಟು ಲೆಕ್ಕಕ್ಕೇ ತೃಪ್ತಿಪಡಬೇಕಾಗಬಹುದು. ಕಂಪನಿ ಕೆಲಸಕ್ಕೆ ಬಳಸುವವರು ಪ್ರತ್ಯೇಕ ಅನುಮತಿ ಕೇಳಬೇಕು.

ಯುಸಿಡಿಪಿ: ನಿಧಾನ, ಆದರೆ ಗಟ್ಟಿ

ಪೂರ್ತಿ ಹೆಸರು ಉಪ್ಸಾಲಾ ಕಾನ್‌ಫ್ಲಿಕ್ಟ್ ಡೇಟಾ ಪ್ರೋಗ್ರಾಂ, ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ್ದು. ಘಟನೆವಾರು ಫೈಲ್ 1989ರಿಂದ ಇದೆ. ಆಸ್ಲೋದ ಪ್ರಿಯೋ ಅನ್ನುವ ಶಾಂತಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಮಾಡಿದ ಸಂಘರ್ಷ-ವರ್ಷವಾರು ಪಟ್ಟಿ ಇನ್ನೂ ಹಿಂದಕ್ಕೆ, 1946ಕ್ಕೆ ಹೋಗುತ್ತದೆ. ನೋಂದಣಿಯ ರಗಳೆ ಇಲ್ಲದೆ ಫೈಲ್ ಇಳಿಸಿಕೊಳ್ಳಬಹುದು. ಹೆಸರು ಹಾಕಿ ಬಳಸಿ ಅನ್ನುವುದಷ್ಟೇ ಷರತ್ತು.

ಇಲ್ಲಿನ ಜರಡಿ ಬಹಳ ಬಿಗಿ. ಒಂದು ಸಾವಾದರೂ ಆಗಿರಬೇಕು. ಸಂಘಟಿತ ಗುಂಪು ಇರಬೇಕು. ಹೊಡೆದಾಡುವ ಇಬ್ಬರು ಎದುರಾಳಿಗಳ ನಡುವೆ ಯಾವುದಾದರೂ ಒಂದು ವರ್ಷ ಕನಿಷ್ಠ 25 ಸಾವು ಆಗಿರಬೇಕು. ನಾಗಮಂಗಲ ಮೊದಲ ಬಾಗಿಲಲ್ಲೇ ನಿಲ್ಲುತ್ತದೆ. ಭಾರತ ಸರ್ಕಾರ ಮತ್ತು ಮಾವೋವಾದಿ ಪಕ್ಷ ಎಂದೋ ಆ 25ರ ಗೆರೆ ದಾಟಿವೆ. ಹಾಗಾಗಿ ತಾಡಮೆಟ್ಲಾದ ಹಾಗೇ ಒಂದೇ ಸಾವಿನ ಕಬ್ಬಿನಾಲೆಯೂ ನಿಯಮದ ಪ್ರಕಾರ ಒಳಗೆ ಬರುತ್ತದೆ.

ನನಗೆ ಇದರಲ್ಲಿ ಹಿಡಿಸುವುದು ಸಾವಿನ ಕಾಲಂ. ಒಂದರ ಬದಲು ಮೂರು ಸಂಖ್ಯೆ ಕೊಡುತ್ತಾರೆ: ಕನಿಷ್ಠ, ಗರಿಷ್ಠ, ಇವೆರಡರ ನಡುವೆ ಅತಿ ನಂಬಬಹುದಾದದ್ದು. ಪೊಲೀಸರು ಒಂದು ಹೇಳುತ್ತಾರೆ, ಗುಂಪು ಇನ್ನೊಂದು ಹೇಳುತ್ತದೆ ಅನ್ನುವ ಜಗಳ ಆ ಮೂರು ಕಾಲಂಗಳಲ್ಲೇ ಕಾಣುತ್ತದೆ. ಸತ್ತವರು ಯಾವ ಕಡೆಯವರು, ನಾಗರಿಕರೆಷ್ಟು ಅನ್ನುವುದಕ್ಕೂ ಬೇರೆ ಬೇರೆ ಕಾಲಂ ಇದೆ. ಮೇಲೆ ಹೇಳಿದ 150, 290ರ ಗೊಂದಲ ಇಲ್ಲಿ ತಾನಾಗಿ ಬಗೆಹರಿಯುತ್ತದೆ.

ತೊಂದರೆ ಅಂದರೆ ಪಕ್ಕಾ ಫೈಲ್ ಬರುವುದು ವರ್ಷಕ್ಕೊಮ್ಮೆ. ತಿಂಗಳಿಗೊಮ್ಮೆ ತಾತ್ಕಾಲಿಕ ಫೈಲ್ ಬಿಡುತ್ತಾರೆ, ಆದರೆ ಅದು ಮುಂದೆ ತಿದ್ದುಪಡಿಯಾಗುವಂಥದ್ದು. ಇನ್ನೊಂದು ವಿಷಯ. ಸುಮ್ನೆ ಗುಂಪುಗೂಡಿ ಹೊಡೆದು ಕೊಂದ ಘಟನೆಗಳಂಥವು ಇಲ್ಲಿ ಬಹಳಷ್ಟು ಸಲ ಸಿಗುವುದಿಲ್ಲ. ಅವೇ ನಿಮ್ಮ ವಿಷಯವಾದರೆ ಇತ್ತ ಬರಬೇಡಿ.

ಇಥಿಯೋಪಿಯಾದ ಟಿಗ್ರೇ ಪ್ರದೇಶದ ಯುದ್ಧಕ್ಕೆ ಈ ಎರಡರ ಲೆಕ್ಕ ಯಾಕೆ ಬೇರೆ ಅಂತ ಕೇಳಿದ ವಿದ್ಯಾರ್ಥಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಟಿಗ್ರೇ ಯುದ್ಧದಲ್ಲಿ 2022ನೇ ಇಸವಿ ಒಂದಕ್ಕೇ ಲಕ್ಷಕ್ಕೂ ಮೀರಿದ ಸಾವು ಅಂತ ಯುಸಿಡಿಪಿ ಹೇಳುತ್ತದೆ. ಆಕ್ಲೆಡ್‌ನ ಲೆಕ್ಕ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಫೋನು, ಇಂಟರ್ನೆಟ್ ಕಡಿದು, ಪತ್ರಕರ್ತರನ್ನು ಒಳಗೆ ಬಿಡದೆ ನಡೆದ ಯುದ್ಧ ಅದು. ಇಂಥ ದಿನ, ಇಂಥ ಊರಲ್ಲಿ ಇಷ್ಟು ಜನ ಅಂತ ಬಿಡಿಬಿಡಿಯಾಗಿ ಸುದ್ದಿ ಬಂದರೆ ತಾನೆ ಸಾಲು ತುಂಬೋದು? ಒಟ್ಟಾರೆ ಅಂದಾಜನ್ನು ಒಳಗೆ ಸೇರಿಸಿಕೊಳ್ಳುವವರ ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಬಿಡಿ ವರದಿಯನ್ನೇ ನೆಚ್ಚಿದವರದ್ದು ಕೆಳಗುಳಿಯುತ್ತದೆ. ಸುದ್ದಿ ಹೊರಬರದ ಯುದ್ಧಕ್ಕೆ ಎರಡನ್ನೂ ತೋರಿಸಿ, ಯಾಕೆ ಬೇರೆ ಅಂತ ಒಂದು ಪುಟ ಬರೆಯಿರಿ. ಥೀಸಿಸ್‌ನಲ್ಲಿ ಆ ಪುಟಕ್ಕೇ ಬೆಲೆ ಜಾಸ್ತಿ.

ಎಸ್‌ಎಟಿಪಿ: ನಮ್ಮ ಸೀಮೆಯ ವಿವರ ಬೇಕಿದ್ದರೆ

ದಿಲ್ಲಿಯ ಇನ್‌ಸ್ಟಿಟ್ಯೂಟ್ ಫಾರ್ ಕಾನ್‌ಫ್ಲಿಕ್ಟ್ ಮ್ಯಾನೇಜ್‌ಮೆಂಟ್ ನಡೆಸುವ ಸೌತ್ ಏಷ್ಯಾ ಟೆರರಿಸಂ ಪೋರ್ಟಲ್ ಇದು. ಪಂಜಾಬ್‌ನ ಪೊಲೀಸ್ ಮುಖ್ಯಸ್ಥರಾಗಿದ್ದ ಕೆ.ಪಿ.ಎಸ್. ಗಿಲ್ ಕಟ್ಟಿದ ಸಂಸ್ಥೆ. ಭಾರತ ಮತ್ತು ಸುತ್ತಲಿನ ದೇಶಗಳ ಲೆಕ್ಕ 2000ದ ಮಾರ್ಚ್‌ನಿಂದ ಸಿಗುತ್ತದೆ. ನಾಗರಿಕರು, ಭದ್ರತಾ ಪಡೆ, ಉಗ್ರರು ಅಂತ ಬೇರೆ ಬೇರೆ ಕಾಲಂ. ಭಾರತದ ಒಳಗಿನ ಬಂಡಾಯಗಳ ವಿಷಯದಲ್ಲಿ ಇಷ್ಟು ತಾಳ್ಮೆಯಿಂದ ದಿನದಿನದ ಘಟನೆ ಬರೆದಿಟ್ಟವರು ಕಡಿಮೆ. ಓದಿ ಅರ್ಥ ಮಾಡಿಕೊಳ್ಳೋಕೆ ನಾನು ಮೊದಲು ತೆರೆಯುವುದು ಇದನ್ನೇ.

ಆದರೆ ನಕ್ಷೆ? ಅಕ್ಷಾಂಶ, ರೇಖಾಂಶದ ಸಿದ್ಧ ಫೈಲ್ ಸಿಗುವುದಿಲ್ಲ. ಪಟ್ಟಿಗಳನ್ನು ನೀವೇ ಎಕ್ಸೆಲ್‌ಗೆ ಇಳಿಸಿಕೊಳ್ಳಬೇಕು, ಊರು ಹುಡುಕಬೇಕು. ಊರು ಹುಡುಕುವ ಕಷ್ಟ ನಮಗೆ ಗೊತ್ತಿರುವುದೇ. ಮಂಡ್ಯ ಜಿಲ್ಲೆ ಒಂದರಲ್ಲೇ ಎಷ್ಟು ಹೊಸಹಳ್ಳಿ ಇವೆ, ನೋಡಿ. ಛತ್ತೀಸಗಢದ ಬಸ್ತರ್ ಕಡೆಯೂ ಅದೇ ಪಾಡು.

ಜಿಲ್ಲಾವಾರು ಬಣ್ಣ ತುಂಬಿದರೆ ಸಾಕು ಅಂದುಕೊಂಡರೂ ಒಂದು ಗುಂಡಿ ಇದೆ. ತಾಡಮೆಟ್ಲಾ ಘಟನೆ ನಡೆದಾಗ ಆ ಜಾಗ ದಾಂತೇವಾಡ ಜಿಲ್ಲೆಯಲ್ಲಿತ್ತು. 2012ರಲ್ಲಿ ಜಿಲ್ಲೆ ಒಡೆದು ಸುಕ್ಮಾ ಆಯಿತು, ಈಗ ಆ ಊರು ಸುಕ್ಮಾಗೆ ಸೇರಿದೆ. 2010ರ ಪಟ್ಟಿಯನ್ನು ಇವತ್ತಿನ ಜಿಲ್ಲಾ ಗಡಿಯ ಮೇಲೆ ಕೂರಿಸಿದರೆ 76 ಸಾವು ಪಕ್ಕದ ಜಿಲ್ಲೆಗೆ ಹೋಗಿಬಿಡುತ್ತದೆ. ಸುಕ್ಮಾ ಖಾಲಿ, ದಾಂತೇವಾಡ ಕಡುಗೆಂಪು. ಅದಕ್ಕೆ ಹತ್ತಿಪ್ಪತ್ತು ವರ್ಷದ ಜಿಲ್ಲಾವಾರು ನಕ್ಷೆ ಮಾಡುವವರು ಹಳೆಯ ಗಡಿಗೆ ಎಲ್ಲವನ್ನೂ ಒಟ್ಟುಗೂಡಿಸಬೇಕು. ಇಲ್ಲವೇ ಬಿಂದುಗಳಿರುವ ಯುಸಿಡಿಪಿಯ ಕಡೆಗೇ ಹೋಗಬೇಕು.

ಉಳಿದ ಎರಡು, ಚುಟುಕಾಗಿ

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್, ಅಂದರೆ ಜಿಟಿಡಿ, 1970ಕ್ಕೇ ಹೋಗುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ದಾಳಿಗಳ ದಾಖಲೆ. ಇತಿಹಾಸದ ವಿದ್ಯಾರ್ಥಿಗಳಿಗೆ ಒಳ್ಳೆಯದು. ಆದರೆ ಇದರಲ್ಲಿ ಇರುವುದು ಸರ್ಕಾರದ ಹೊರಗಿನ ಗುಂಪುಗಳು ಮಾಡಿದ ದಾಳಿ ಮಾತ್ರ. ಪೊಲೀಸ್ ಎನ್‌ಕೌಂಟರ್ ಇಲ್ಲಿ ಲೆಕ್ಕಕ್ಕೇ ಇಲ್ಲ. 1993ರ ಮೂಲ ದಾಖಲೆಗಳು ಕಳೆದುಹೋಗಿರುವುದರಿಂದ ಆ ವರ್ಷ ಖಾಲಿ. ಗ್ರಾಫ್‌ನಲ್ಲಿ 1993ಕ್ಕೆ ಗೆರೆ ಸೊನ್ನೆಗೆ ಬಿದ್ದರೆ ಅವತ್ತು ಜಗತ್ತಿನಲ್ಲಿ ಶಾಂತಿ ನೆಲೆಸಿತ್ತು ಅಂತ ಬರೆದುಬಿಡಬೇಡಿ. ಅದೇ ವರ್ಷದ ಮಾರ್ಚ್‌ನಲ್ಲೇ ಮುಂಬೈ ಸರಣಿ ಸ್ಫೋಟ ಆಗಿದ್ದು. 2021ರ ಮಧ್ಯದಿಂದ ಈಚೆಗಿನ ಘಟನೆ ಬೇಕಿದ್ದರೆ ಇದು ಕೆಲಸಕ್ಕೆ ಬರುವುದಿಲ್ಲ.

ಜಿಡೆಲ್ಟ್ ಅನ್ನುವುದು ಕಂಪ್ಯೂಟರ್ ಓದಿ ಮಾಡಿದ ಲೆಕ್ಕ. ಜಗತ್ತಿನ ಸುದ್ದಿಗಳನ್ನು ಓದಿ 15 ನಿಮಿಷಕ್ಕೊಮ್ಮೆ ಹೊಸ ಸಾಲು ಹಾಕುತ್ತದೆ. ಕೇಳೋಕೆ ಭರ್ಜರಿ. ಆದರೆ ಒಂದೇ ಘಟನೆ ಹತ್ತಾರು ಸಾಲಾಗಿ ಬರಬಹುದು, ಊರು ತಪ್ಪಬಹುದು, ಘಟನೆಗಳ ಪಟ್ಟಿಯಲ್ಲಿ ಸಾವಿನ ಕಾಲಂ ಅಂತೂ ಇಲ್ಲವೇ ಇಲ್ಲ. ಮೈಸೂರು ವಾರಿಯರ್ಸ್ ತಂಡದ ಬೌಲಿಂಗ್ ದಾಳಿಯನ್ನೂ ನಿಜವಾದ ದಾಳಿ ಅಂತ ಓದಿಕೊಂಡರೆ ಆಶ್ಚರ್ಯ ಇಲ್ಲ. ಸಾವಿನ ನಕ್ಷೆಗೆ ನಾನಂತೂ ಇದನ್ನು ಹೇಳುವುದಿಲ್ಲ. ಯಾವ ವಾರ ಯಾವ ಯುದ್ಧಕ್ಕೆ ಎಷ್ಟು ಸುದ್ದಿ ಬಂತು ಅಂತ ನೋಡುವ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಮಾತ್ರ ಇದು ಗಣಿ.

ಚುಕ್ಕೆ ಇದ್ದಲ್ಲೇ ಘಟನೆ ನಡೆದಿದೆಯಾ?

ಇದನ್ನು ತುಂಬ ಜನ ನೋಡುವುದೇ ಇಲ್ಲ. ಆಕ್ಲೆಡ್‌ನಲ್ಲಿ ಜಾಗದ ಖಚಿತತೆಗೆ 1ರಿಂದ 3ರವರೆಗೆ ಅಂಕ ಇದೆ. 1 ಅಂದರೆ ಊರೇ ಗೊತ್ತು. 3 ಅಂದರೆ ದೊಡ್ಡ ಪ್ರದೇಶ ಮಾತ್ರ ಗೊತ್ತು, ಚುಕ್ಕೆಯನ್ನು ಅಲ್ಲಿನ ಮುಖ್ಯ ಪಟ್ಟಣದಲ್ಲಿ ಇಟ್ಟಿದ್ದಾರೆ. ಯುಸಿಡಿಪಿಯಲ್ಲಿ 1ರಿಂದ 7. 2 ಅಂದರೆ ಗೊತ್ತಿರುವ ಜಾಗದಿಂದ ಸುಮಾರು 25 ಕಿಲೋಮೀಟರ್ ದೂರದೊಳಗೆ, 3 ಅಂದರೆ ಜಿಲ್ಲೆ ಗೊತ್ತು, 4 ಅಂದರೆ ರಾಜ್ಯ ಅಷ್ಟೇ ಗೊತ್ತು, 6 ಅಂದರೆ ದೇಶ ಮಾತ್ರ. ಈ ಕಾಲಂ ನೋಡದೆ ಹಾಕಿದರೆ ರಾಜಧಾನಿಯಲ್ಲಿ ರಾಶಿ ರಾಶಿ ಸಾವು ಕಾಣುತ್ತದೆ, ಅಸಲಿಗೆ ಅವೆಲ್ಲ ಎಲ್ಲೋ ಕಾಡಿನೊಳಗೆ ನಡೆದಿರುತ್ತವೆ. ಊರಿನ ಮಟ್ಟದ ನಕ್ಷೆಗೆ 1 ಮತ್ತು 2 ಇಟ್ಟುಕೊಳ್ಳಿ. ಜಿಲ್ಲೆಯ ನಕ್ಷೆಗೆ ಯುಸಿಡಿಪಿಯ 3 ಕೂಡ ನಡೆಯುತ್ತದೆ. ಬಿಟ್ಟ ಸಾಲುಗಳೆಷ್ಟು, ಅವುಗಳಲ್ಲಿ ಸಾವೆಷ್ಟು ಅಂತ ನಕ್ಷೆಯ ಕೆಳಗೆ ಬರೆಯಿರಿ.

ಹಾಗಾದರೆ ನಿಮಗೆ ಯಾವುದು?

ಎಂ.ಎ., ಪಿಎಚ್‌ಡಿ ಮಾಡುವವರು ಹತ್ತು ವರ್ಷಕ್ಕಿಂತ ಹೆಚ್ಚಿನ ಅವಧಿ ನೋಡುತ್ತಿದ್ದರೆ ಯುಸಿಡಿಪಿಯನ್ನೇ ಬೆನ್ನೆಲುಬು ಮಾಡಿಕೊಳ್ಳಿ. ಭಾರತದ ವಿಷಯವಾದರೆ ಪಕ್ಕದಲ್ಲಿ ಎಸ್‌ಎಟಿಪಿ ಇಟ್ಟುಕೊಂಡು ದೊಡ್ಡ ಘಟನೆಗಳನ್ನು ಒಂದೊಂದಾಗಿ ತಾಳೆ ನೋಡಿ. ಈಚಿನ ವರ್ಷಗಳ ದೊಂಬಿ, ಗುಂಪು ಹಿಂಸೆ, ಪ್ರತಿಭಟನೆ ನಿಮ್ಮ ವಿಷಯವಾದರೆ ಆಕ್ಲೆಡ್ ಬಿಟ್ಟು ಬೇರೆ ದಾರಿ ಇಲ್ಲ. ನಾಗಮಂಗಲ ಕಾಣಬೇಕು ಅಂತಿದ್ದರೆ ಅದಕ್ಕೇ ಹೋಗಬೇಕು.

ಸಂಜೆಯೊಳಗೆ ಪುಟ ಕಟ್ಟಬೇಕಾದ ಮಂಡ್ಯದ ಗೆಳೆಯರಿಗೂ ಆಕ್ಲೆಡ್ ಸಾಕು. ಅದೂ ಫೈಲ್ ಇಳಿಸುವ ಗೋಜೇ ಬೇಡ, ಅವರ ಜಾಲತಾಣದಲ್ಲೇ ದೇಶ, ದಿನಾಂಕ, ವರ್ಗ ಆರಿಸಿ ನೋಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದ್ಯಾವುದೂ ಬೇಡ. ಗೃಹ ಸಚಿವಾಲಯದ ವಾರ್ಷಿಕ ವರದಿಯ ಕೋಷ್ಟಕಗಳೇ ಸಾಕು. ಆ 1005ರ ಒಳಗೆ ಯಾರಿದ್ದಾರೆ ಅನ್ನುವುದು ನೆನಪಿದ್ದರೆ ಆಯಿತು.

ಎರಡು ಡೇಟಾಸೆಟ್ ಸೇರಿಸಿ ಒಂದೇ ಗ್ರಾಫ್ ಮಾಡಬಹುದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2015ರವರೆಗೆ ಯುಸಿಡಿಪಿ, ಆಮೇಲೆ ಆಕ್ಲೆಡ್ ಅಂತ ಹೊಲಿಗೆ ಹಾಕಿದರೆ 2016ರಲ್ಲಿ ಹಿಂಸೆ ಏಕಾಏಕಿ ಏರಿದ ಹಾಗೆ ಕಾಣುತ್ತದೆ. ಏರಿದ್ದು ಹಿಂಸೆಯಲ್ಲ, ಬದಲಾಗಿದ್ದು ನಿಯಮ. ಬೇಡ.

ನಕ್ಷೆ ಬಿಡಿಸುವ ಖರ್ಚು, ಮತ್ತು ಕಾನೂನು

ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್ ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕಲಿಯೋಕೆ ಒಂದಷ್ಟು ದಿನ ಬೇಕು, ಪ್ರಾಜೆಕ್ಟ್ ಮಾಡುವವರು ಅದಕ್ಕೇ ಮನಸ್ಸು ಮಾಡಿ. ಅಷ್ಟು ಸಮಯ ಇಲ್ಲದವರಿಗೆ ಗೂಗಲ್ ಮೈ ಮ್ಯಾಪ್ಸ್ ಇದೆ. ಒಂದು ಸಲಕ್ಕೆ 2000 ಸಾಲಿಗಿಂತ ಹೆಚ್ಚು ತುಂಬೋಕೆ ಆಗಲ್ಲ, ಕರ್ನಾಟಕದ ಮಟ್ಟಿಗೆ ಅದು ಧಾರಾಳ. ಪತ್ರಿಕೆ, ಜಾಲತಾಣಕ್ಕೆ ಅಂದವಾಗಿ ಬೇಕಿದ್ದರೆ ಡೇಟಾರ್‍ಯಾಪರ್‌ನ ಪುಕ್ಕಟೆ ಖಾತೆ ಸಾಕು.

ಗಡಿಯ ಫೈಲ್ ಮಾತ್ರ ಕಣ್ಣುಮುಚ್ಚಿ ತರಬೇಡಿ. ಹೊರದೇಶದ ಜಾಲತಾಣಗಳಲ್ಲಿ ಸಿಗುವ ಭಾರತದ ಗಡಿ ಫೈಲುಗಳಲ್ಲಿ ಜಮ್ಮು ಕಾಶ್ಮೀರ, ಲಡಾಖ್ ಕಡೆ ನಿಯಂತ್ರಣ ರೇಖೆಯನ್ನೇ ಗಡಿ ಅಂತ ತೋರಿಸಿರುವುದು ಸಾಮಾನ್ಯ. ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಸರ್ವೆ ಆಫ್ ಇಂಡಿಯಾದ ಪೋರ್ಟಲ್‌ನಲ್ಲೇ ಆಡಳಿತ ಗಡಿಗಳು ಸಿಗುತ್ತವೆ, ಅಲ್ಲಿಂದಲೇ ಇಳಿಸಿಕೊಳ್ಳಿ. ಕಾಶ್ಮೀರದ ಘಟನೆಗಳ ನಕ್ಷೆ ಮಾಡುವವರಿಗಂತೂ ಇದು ಬಿಡಲಾಗದ ವಿಷಯ.

ಫೈಲ್ ಇಳಿಸಿಕೊಂಡ ಕೂಡಲೇ ಅದರ ಹೆಸರಲ್ಲೇ ದಿನಾಂಕ ಸೇರಿಸಿಡಿ, ಯುಸಿಡಿಪಿಯಾದರೆ ಆವೃತ್ತಿಯ ಸಂಖ್ಯೆಯನ್ನೂ. ಆಕ್ಲೆಡ್‌ನವರು ಹೊಸ ಸಾಲು ಸೇರಿಸುವ ಜೊತೆಗೆ ಹಳೆಯ ಸಾಲುಗಳನ್ನೂ ತಿದ್ದುತ್ತಿರುತ್ತಾರೆ. ಇವತ್ತು ನೀವು ಎಣಿಸಿದ ಸಾವು ವೈವಾ ದಿನ ಪರೀಕ್ಷಕರು ಅವರ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಬೇರೆ ಇರಬಹುದು. ಆಗ ತೋರಿಸೋಕೆ ಹಳೆಯ ಫೈಲ್ ಕೈಯಲ್ಲಿರಲಿ.